ಒಲೆ, ಹಂಡೆ, ಪಂಪು: ಮನೆಯ ಉರುವಲಿನ ಲೆಕ್ಕ

ಅಡಿಕೆಯ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಎಷ್ಟು ಗೊನೆ ಇಳಿಯಿತು, ಎಷ್ಟು ಸುಲಿದಾಯಿತು, ಪುತ್ತೂರು ಪೇಟೆಯಲ್ಲಿ ಇವತ್ತು ಚಾಲಿಗೆ ಏನು ಧಾರಣೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಹಾಲಿನ ಲೆಕ್ಕಕ್ಕೆ ಸೊಸೈಟಿಯ ಪುಸ್ತಕ ಉಂಟು. ಆದರೆ ನಿಮ್ಮ ಮನೆಯಲ್ಲಿ ವರ್ಷಕ್ಕೆ ಎಷ್ಟು ಸೌದೆ ಉರಿಯಿತು, ಎಷ್ಟು ಯೂನಿಟ್ ಕರೆಂಟು ಹೋಯಿತು ಎಂದು ಕೇಳಿ ನೋಡಿ. "ಅದಕ್ಕೆಂತ ಲೆಕ್ಕ ಮಾರಾಯರೆ, ತೋಟದಲ್ಲಿ ಬಿದ್ದದ್ದು ಉರಿಯುತ್ತದೆ, ಕರೆಂಟಿಗೆ ಬಿಲ್ಲೇ ಇಲ್ಲ" ಎಂಬ ಉತ್ತರ ಬರುತ್ತದೆ. ಈ ಹೊತ್ತು ಆ ಬರೆಯದ ಲೆಕ್ಕವನ್ನು ನಿಮ್ಮೊಡನೆ ಕೂತು ಬರೆಯಬೇಕೆಂದಿದ್ದೇನೆ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಮನೆಗಳನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತೇನೆ.

ಈ ಲೆಕ್ಕ ಈಗ ಯಾಕೆ ಬೇಕಾಯಿತು ಎಂದು ಕೇಳುವಿರಿ. ಕಲ್ಲಿದ್ದಲು, ಪೆಟ್ರೋಲು, ಗ್ಯಾಸು ಮೊದಲಾದುವು ಉರಿದಾಗ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಹಳೆಯ ಪಾಠಪುಸ್ತಕಗಳಲ್ಲಿ ಅದಕ್ಕೆ ಇಂಗಾಲಾಮ್ಲವೆಂದು ಹೆಸರು; ನಾನೂ ಹಾಗೆಯೇ ಕರೆಯುತ್ತೇನೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಭೂಮಿಯಿಂದ ಮೇಲಕ್ಕೆ ಹೋಗುವ ಶಾಖವನ್ನು ಅದು ಕಂಬಳಿಯ ಹಾಗೆ ತಡೆದು ಹಿಡಿಯುತ್ತದೆ. ಯಂತ್ರಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇಂಗಾಲಾಮ್ಲವಿತ್ತು. ಈಗ ಅದು 420ನ್ನು ದಾಟಿದೆ. ಕಂಬಳಿ ದಪ್ಪವಾದಂತೆ ಸೆಕೆ ಹೆಚ್ಚುತ್ತದೆ, ಮಳೆಯ ಕ್ರಮ ತಪ್ಪುತ್ತದೆ. ಅಂಗಳದಲ್ಲಿ ಅಡಿಕೆ ಹರವಿ ಕೂತವರಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಒಂದು ಮಳೆ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ.

ಈ ಪಾಪದಲ್ಲಿ ನಮ್ಮ ಹಳ್ಳಿಯ ಮನೆಗಳ ಪಾಲು ಬಹಳ ಸಣ್ಣದು, ನಿಜ. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲ ಹೊರಬೀಳುತ್ತದೆ. ಲೋಕದ ಸರಾಸರಿ ಇದರ ಎರಡು ಪಟ್ಟಿಗೂ ಮೇಲೆ. ಹಾಗಾದರೆ ಊರಿನ ಉಸಾಬರಿ ನಮಗೇಕೆ? ಉಸಾಬರಿ ಊರಿನದಲ್ಲ, ನಮ್ಮದೇ. ಯಾಕೆಂದರೆ ಉರುವಲಿನ ಲೆಕ್ಕ ಬರೆಯುತ್ತಾ ಹೋದರೆ ಅದರೊಳಗೆ ಮನೆಯ ಹೆಂಗಸರ ಎದೆ ಉಂಟು, ಕೆಲಸದವರ ಸಂಬಳ ಉಂಟು, ಬಾವಿಯ ನೀರು ಉಂಟು, ತೋಟದ ಗೊಬ್ಬರ ಉಂಟು.

ಮೊದಲು ಅಳತೆ ಕಲಿಯೋಣ. ನಾಲ್ಕೇ ಅಂಕಿ ನೆನಪಿದ್ದರೆ ಸಾಕು. 14.2 ಕಿಲೋ ಗ್ಯಾಸಿನ ಒಂದು ಸಿಲಿಂಡರು ಪೂರಾ ಉರಿದರೆ ಸುಮಾರು 43 ಕಿಲೋ ಇಂಗಾಲಾಮ್ಲ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ. ಒಂದು ಲೀಟರ್ ಡೀಸೆಲಿಗೆ ಸುಮಾರು 2.7 ಕಿಲೋ. ಇನ್ನು ಕರೆಂಟು. ಅದು ಮನೆಯಲ್ಲಿ ಹೊಗೆ ಕೊಡುವುದಿಲ್ಲ, ಆದರೆ ಹೊಗೆ ಬೇರೆ ಕಡೆ ಎದ್ದಿರುತ್ತದೆ. ಶರಾವತಿಯ ನೀರಿನಿಂದ ಬರುವ ಕರೆಂಟೂ ಉಂಟು, ರಾಯಚೂರಿನ ಕಲ್ಲಿದ್ದಲಿನದೂ ಉಂಟು, ಇಲ್ಲೇ ಪಕ್ಕದ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲು ಉರಿಸುವ 600 ಮೆಗಾವಾಟಿನ ಎರಡು ಘಟಕಗಳೂ ಉಂಟು. ಎಲ್ಲವೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ದೇಶದ ಸರಾಸರಿ ನೋಡಿದರೆ ಒಂದು ಯೂನಿಟ್ಟಿಗೆ 700 ಗ್ರಾಂ ಇಂಗಾಲಾಮ್ಲವೆಂದು ಲೆಕ್ಕ ಹಿಡಿಯಬಹುದು.

ಈಗ ಎರಡು ಮನೆಗಳನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ಒಂದು ಪುತ್ತೂರು ಪೇಟೆಯ ಮನೆ, ನಾಲ್ಕು ಜನ. ವರ್ಷಕ್ಕೆ 8 ಸಿಲಿಂಡರು ಗ್ಯಾಸು: 340 ಕಿಲೋ. ತಿಂಗಳಿಗೆ 120 ಯೂನಿಟ್ ಕರೆಂಟು, ಅಂದರೆ ವರ್ಷಕ್ಕೆ 1440 ಯೂನಿಟ್: ಸಾವಿರ ಕಿಲೋ. ಸ್ಕೂಟರಿಗೆ ಎರಡು ದಿನಕ್ಕೊಂದು ಲೀಟರ್ ಪೆಟ್ರೋಲು: 400 ಕಿಲೋ ಮೇಲೆ. ಒಟ್ಟು ಸುಮಾರು ಒಂದು ಮುಕ್ಕಾಲು ಟನ್.

ಇನ್ನೊಂದು ಹಳ್ಳಿಯ ಮನೆ. ಕಡಬದ ಆಚೆಗೋ ಸುಳ್ಯದ ಘಟ್ಟದ ಬುಡದಲ್ಲೋ ಇರಲಿ. ಐದು ಜನ, ಎರಡು ಮೂರು ಎಕರೆ ಅಡಿಕೆ ತೋಟ. ಗ್ಯಾಸು ವರ್ಷಕ್ಕೆ 4 ಸಿಲಿಂಡರು: 170 ಕಿಲೋ. ಮನೆಯ ಕರೆಂಟು ತಿಂಗಳಿಗೆ 70 ಯೂನಿಟ್: ವರ್ಷಕ್ಕೆ ಸುಮಾರು 590 ಕಿಲೋ. ಬೈಕಿಗೆ ವರ್ಷಕ್ಕೆ 150 ಲೀಟರ್ ಪೆಟ್ರೋಲು: 345 ಕಿಲೋ. ಒಟ್ಟು ಒಂದು ಟನ್ನಿಗೆ ಸ್ವಲ್ಪ ಮೇಲೆ. ಪೇಟೆಯ ಮನೆಗಿಂತ ಜನ ಹೆಚ್ಚು, ಇಂಗಾಲಾಮ್ಲ ಕಡಿಮೆ. ಇಲ್ಲಿಗೆ ನಿಲ್ಲಿಸಿದರೆ ಹಳ್ಳಿಯವರು ಗೆದ್ದಂತೆ. ಆದರೆ ಎರಡು ಬಾಬ್ತು ಬರೆಯುವುದು ಬಾಕಿ ಉಂಟು: ಒಂದು ಸೌದೆ, ಇನ್ನೊಂದು ಪಂಪು.

ಸೌದೆಯನ್ನು ಮೊದಲು ತೆಗೆದುಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಹೆಸರಿನ ಒಂದು ಕೇಂದ್ರ ಆರಂಭಿಸಿದರು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಗುರಿ. ಅವರ ತಂಡ ತುಮಕೂರು ಜಿಲ್ಲೆಯ ಆರು ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕ ಹಾಕಿತು. ಎತ್ತಿನ ದುಡಿಮೆ, ಮನುಷ್ಯರ ದುಡಿಮೆ, ಸೀಮೆಎಣ್ಣೆ, ಕರೆಂಟು ಎಲ್ಲವನ್ನೂ ಕೂಡಿಸಿ ನೋಡಿದಾಗ, ಹಳ್ಳಿ ಬಳಸುವ ಶಕ್ತಿಯಲ್ಲಿ ಹತ್ತಿರ ಹತ್ತಿರ ಐದರಲ್ಲಿ ನಾಲ್ಕು ಪಾಲು ಸೌದೆಯದೇ ಆಗಿತ್ತು. ಅದರ ಬಹುಪಾಲು ಅಡುಗೆಗೆ ಮತ್ತು ನೀರು ಕಾಯಿಸುವುದಕ್ಕೆ. ಸರಕಾರದ ಯೋಜನೆಗಳೆಲ್ಲ ಕರೆಂಟು, ಎಣ್ಣೆ ಎಂದು ಮಾತಾಡುತ್ತಿದ್ದಾಗ, ಹಳ್ಳಿಯ ನಿಜವಾದ ಶಕ್ತಿ ಹೆಂಗಸರ ತಲೆಯ ಮೇಲಿನ ಹೊರೆಯಲ್ಲಿ ಬರುತ್ತಿತ್ತು ಎಂಬುದು ಅಂಕಿಯಲ್ಲಿ ಕಂಡಿತು.

ನಮ್ಮ ಕಡೆ ಕಾಲ ಬದಲಾಗಿದೆ. ಗ್ಯಾಸು ಈಗ ಹೆಚ್ಚಿನ ಮನೆಗೆ ಬಂದಿದೆ. ಬಡ ಮನೆಗಳಿಗೆ ಸಂಪರ್ಕ ಕೊಡುವ ಉಜ್ವಲಾ ಯೋಜನೆ 2016ರಲ್ಲಿ ಶುರುವಾಯಿತು. ಆದರೆ ಗ್ಯಾಸು ಬಂದ ಮನೆಯಲ್ಲೂ ಸೌದೆ ನಿಂತಿಲ್ಲ. ಚಹಾ, ಸಾರು, ಪಲ್ಯಕ್ಕೆ ಗ್ಯಾಸು. ಕುಚ್ಚಲಕ್ಕಿ ಗಂಜಿಗೆ, ದನದ ಅಕ್ಕಚ್ಚಿಗೆ, ಸ್ನಾನದ ನೀರಿಗೆ ಸೌದೆ. ದಿನಕ್ಕೆ 8 ಕಿಲೋ ಉರಿದರೂ ವರ್ಷಕ್ಕೆ ಸುಮಾರು 3 ಟನ್ ಸೌದೆ. ಇದು ಉರಿದಾಗ ಬರುವ ಇಂಗಾಲಾಮ್ಲ 5 ಟನ್. ಗಾಬರಿಯಾಗಬೇಡಿ. ಮರ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡದ್ದನ್ನೇ ಅದು ಉರಿಯುವಾಗ ಬಿಡುತ್ತದೆ. ಒಣ ಮಡಲು, ಕೊತ್ತಳಿಗೆ, ಗೆರಟೆ, ತೆಂಗಿನ ಸಿಪ್ಪೆ ಇವೆಲ್ಲ ವರ್ಷ ವರ್ಷವೂ ಬೀಳುವಂಥವು. ಮುಂದಿನ ವರ್ಷದ ಮಡಲು ಅದನ್ನು ಮತ್ತೆ ಹೀರುತ್ತದೆ. ಆದ್ದರಿಂದ ತೋಟದ ಕಸದ ಬೆಂಕಿ ಕೈಗಡದ ಹಾಗೆ. ಅದೇ ವರ್ಷ ತೀರುತ್ತದೆ. ರಬ್ಬರು ತೋಟ ಮುಗಿದಾಗ ಕಡಿದ ಮರವೂ, ಅದೇ ಜಾಗದಲ್ಲಿ ಮತ್ತೆ ಗಿಡ ಇಟ್ಟರೆ, ನಿಧಾನವಾಗಿ ತೀರುವ ಸಾಲ. ಆದರೆ ಗುಡ್ಡೆಯ ಹಳೆಯ ಮರ ಕಡಿದು ಹಂಡೆಗೆ ತುರುಕಿ, ಆ ಜಾಗವನ್ನು ಬೋಳು ಬಿಟ್ಟರೆ ಅದು ತೀರದ ಸಾಲ. ಸೌದೆ ಎಂಬ ಒಂದೇ ಹೆಸರಿನೊಳಗೆ ಈ ಮೂರು ಬಗೆ ಉಂಟು. ನಿಮ್ಮ ಕೊಟ್ಟಿಗೆಯಲ್ಲಿ ಇರುವುದು ಯಾವುದು ಎಂದು ನೋಡಿಕೊಳ್ಳಿ.

ಇಂಗಾಲಾಮ್ಲ ತೀರಿದರೂ ಹೊಗೆ ತೀರುವುದಿಲ್ಲ. ಇದು ತಾಯಂದಿರಿಗೆ ಸಂಬಂಧಿಸಿದ ಮಾತು, ಗಂಡಸರು ಕೇಳಲೇಬೇಕಾದ ಮಾತು. ಮುಚ್ಚಿದ ಅಡುಗೆಮನೆಯಲ್ಲಿ ಸೌದೆಯ ಹೊಗೆ ಕುಡಿಯುವುದರಿಂದ ದಮ್ಮು, ಶ್ವಾಸಕೋಶದ ಕಾಯಿಲೆ, ಹೃದಯದ ಕಾಯಿಲೆ, ಕಣ್ಣಿನ ತೊಂದರೆ ಬರುತ್ತವೆ. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಲೋಕದಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತವರ ಜತೆ ಮಡಿಲಲ್ಲಿ ಕೂತ ಮಗುವೂ ಆ ಹೊಗೆ ಕುಡಿಯುತ್ತದೆ. "ನಮ್ಮ ಅಮ್ಮ ಎಂಬತ್ತು ವರ್ಷ ಬದುಕಿದರು, ಅವರಿಗೇನಾಯಿತು?" ಎನ್ನುವವರು ಇದ್ದಾರೆ. ಬದುಕಿದರು ನಿಜ. ಆದರೆ ಆಟಿ ತಿಂಗಳ ರಾತ್ರಿಯಲ್ಲಿ ಅವರು ಎಷ್ಟು ಸಲ ಎದ್ದು ಕೂತು ಕೆಮ್ಮಿದರು ಎಂಬುದನ್ನೂ ನೆನಪು ಮಾಡಿಕೊಳ್ಳಬೇಕು.

ಆದ್ದರಿಂದ ನನ್ನ ಮೊದಲ ಸಲಹೆ ನೇರವಾದದ್ದು. ಅಡುಗೆಮನೆಯ ಒಳಗೆ ಹೊಗೆ ಬೇಡ. ಅಡುಗೆಯೆಲ್ಲ ಗ್ಯಾಸಿನಲ್ಲೇ ಆದರೂ ವರ್ಷಕ್ಕೆ ಹೆಚ್ಚೆಂದರೆ 8 ಸಿಲಿಂಡರು, 340 ಕಿಲೋ ಇಂಗಾಲಾಮ್ಲ. ಮನೆಯ ಹೆಂಗಸರ ಉಸಿರಿನ ಮುಂದೆ ಅದು ದೊಡ್ಡ ಲೆಕ್ಕವಲ್ಲ. ಗ್ಯಾಸು ಉಳಿಸುವ ದಾರಿಗಳೂ ಉಂಟು. ಕುಚ್ಚಲಕ್ಕಿಯನ್ನು ರಾತ್ರಿಯೇ ನೆನೆಸಿಡಿ. ಒಂದು ಕುದಿ ಚೆನ್ನಾಗಿ ಬಂದ ಮೇಲೆ ಪಾತ್ರೆಯನ್ನು ಮುಚ್ಚಿ, ಬೈಹುಲ್ಲು ಒತ್ತಿ ತುಂಬಿದ ಪೆಟ್ಟಿಗೆಯೊಳಗೆ ಇಟ್ಟು ಮೇಲೆ ಗೋಣಿ ಹೊದೆಸಿದರೆ ಬಿಸಿ ಹೊರಗೆ ಹೋಗದೆ ಅನ್ನ ತಾನಾಗಿ ಬೇಯುತ್ತದೆ. ಇದೇ ತತ್ವದ, ಬಿಸಿ ಹಿಡಿದಿಡುವ ಪಾತ್ರೆ ಪೇಟೆಯಲ್ಲೂ ಸಿಗುತ್ತದೆ. ಗಂಟೆಗಟ್ಟಲೆ ಉರಿಯುವ ಬೆಂಕಿ ಕಾಲು ಗಂಟೆಗೆ ಮುಗಿಯುತ್ತದೆ.

ಸೌದೆ ಒಲೆ ಬಿಡಲಾಗದವರಿಗೆ ಅಸ್ತ್ರ ಒಲೆಯ ಮಾತು. ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ರೂಪಿಸಿದ ಈ ಒಲೆಗೆ ಮೂರು ಪಾತ್ರೆಯ ಬಾಯಿ, ಅಡಿಯಲ್ಲಿ ಕಬ್ಬಿಣದ ಜಾಲರಿ, ಹಿಂದೆ ಚಿಮಣಿ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು, ಒಂದೂವರೆ ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ. ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ ಮೂರು ಪಾಲಿಗೂ ಮೇಲೆ. ರಾಜ್ಯದ ಹಳ್ಳಿಗಳಲ್ಲಿ ಈ ಒಲೆ ಬಹಳ ಕಡೆ ಬಂತು, ಕೆಲವು ಕಡೆ ಮೂಲೆಗೂ ಸೇರಿತು. ಕಾರಣ ಒಲೆಯದಲ್ಲ. ಚಿಮಣಿಯ ಮಸಿ ತೆಗೆಯಲಿಲ್ಲ, ಹೊಗೆ ಹಿಂದಕ್ಕೆ ಬಂತು. ದೊಡ್ಡ ಕೊರಡು ಹಿಡಿಯಲಿ ಎಂದು ಒಲೆಯ ಬಾಯಿ ಅಗಲ ಮಾಡಿದರು, ಲೆಕ್ಕ ತಪ್ಪಿತು. ಅಳತೆಗೆ ತಕ್ಕ ಸಣ್ಣ ಸೀಳು ಸೌದೆ, ತಿಂಗಳಿಗೊಮ್ಮೆ ಮಸಿ ತೆಗೆಯುವುದು, ಇವೆರಡನ್ನು ಬಿಟ್ಟರೆ ಯಾವ ಸುಧಾರಿತ ಒಲೆಯೂ ಸುಧಾರಿಸುವುದಿಲ್ಲ.

ಈಗ ಹಂಡೆಗೆ ಬರೋಣ. ನಮ್ಮ ಮನೆಗಳ ಸೌದೆಯ ದೊಡ್ಡ ಪಾಲು ಬಚ್ಚಲಲ್ಲೇ ಉರಿಯುವುದು. ಐದು ಜನಕ್ಕೆ ತಲೆಗೆ 20 ಲೀಟರಿನಂತೆ ನೂರು ಲೀಟರ್ ಬಿಸಿನೀರು ಎಂದಿಟ್ಟುಕೊಳ್ಳಿ. ಒಳ್ಳೆಯ ಒಣ ಸೌದೆ, ಚೆನ್ನಾಗಿ ಕಟ್ಟಿದ ಹಂಡೆ ಒಲೆಯಾದರೆ ಇದಕ್ಕೆ ಮೂರು ಕಿಲೋ ಸಾಕು. ಹಸಿ ಸೌದೆ, ಬೆಂಕಿ ಹೊರಗೆ ನಾಲಗೆ ಚಾಚುವ ಒಲೆಯಾದರೆ ಅದರ ಎರಡು ಪಟ್ಟು. ಅದೇ ನೀರನ್ನು ಕರೆಂಟಿನ ಗೀಸರಿನಲ್ಲಿ ಕಾಯಿಸಿದರೆ ದಿನಕ್ಕೆ ಸುಮಾರು ಎರಡೂವರೆ ಯೂನಿಟ್, ವರ್ಷಕ್ಕೆ 900 ಯೂನಿಟ್, 600 ಕಿಲೋ ಇಂಗಾಲಾಮ್ಲಕ್ಕೂ ಮೇಲೆ. ಅಂದರೆ ನಾವು ಕಲ್ಪಿಸಿದ ಹಳ್ಳಿಮನೆಯ ದೀಪ, ಫ್ಯಾನು, ಮಿಕ್ಸಿ, ಫ್ರಿಜ್ಜು ಎಲ್ಲ ಸೇರಿದಷ್ಟನ್ನು ಗೀಸರು ಒಂದೇ ನುಂಗುತ್ತದೆ.

ಹೊಸ ಮನೆ ಕಟ್ಟುವಾಗ "ಹಂಡೆ ಹಳೆಯ ಕಾಲದ್ದು" ಎಂದು ಕಿತ್ತು ಹಾಕಿ, ಗೀಸರು ಕೂರಿಸಿ, ತೋಟದ ಮಡಲನ್ನು ಗುಡ್ಡೆಯಲ್ಲಿ ರಾಶಿ ಹಾಕಿ ಸುಡುವವರನ್ನು ಕಂಡಿದ್ದೇವೆ. ಇದು ಎರಡೂ ಕಡೆ ನಷ್ಟ. ಪೇಟೆಯ ಪದ್ಧತಿಯೆಲ್ಲ ಮುಂದುವರಿದದ್ದೆಂದೂ ಅಲ್ಲ, ಹಳ್ಳಿಯ ಪದ್ಧತಿಯೆಲ್ಲ ಒಳ್ಳೆಯದೆಂದೂ ಅಲ್ಲ. ಪೇಟೆಯವರಿಂದ ಹೊಗೆಯಿಲ್ಲದ ಅಡುಗೆ ಕಲಿಯೋಣ, ಹಂಡೆಯನ್ನು ಉಳಿಸಿಕೊಳ್ಳೋಣ. ಆದರೆ ಹಂಡೆಯ ಬೆಂಕಿಯ ಬಾಯಿ ಬಚ್ಚಲಿನ ಹೊರಗೋಡೆಯಲ್ಲಿರಲಿ, ಹೊಗೆಗೆ ಕೊಳವೆ ಇರಲಿ. ಹಂಡೆಯ ಸುತ್ತ ಬೆಂಕಿ ಸುತ್ತಿ ಹೋಗುವಂತೆ ಮಣ್ಣಿನ ಕಟ್ಟೆ ಕಟ್ಟಿ, ಬಾಯಿಗೆ ಮುಚ್ಚಳ ಹಾಕಿ. ಮುಚ್ಚಳವಿಲ್ಲದ ಹಂಡೆಯಿಂದ ಬಿಸಿ ಆವಿಯಾಗಿ ಹೋಗುತ್ತದೆ. ಬಿಸಿಲು ಇರುವ ತಿಂಗಳುಗಳಿಗೆ ಸೂರ್ಯನ ಶಾಖದ ನೀರಿನ ತೊಟ್ಟಿ ಇದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಸೂರ್ಯನ ಮುಖ ಕಾಣುವುದು ಕಷ್ಟ, ಆಗ ಹಂಡೆ. ಉಳಿದ ಎಂಟು ತಿಂಗಳು ಮಾಡಿನ ಮೇಲಿನ ಸೂರ್ಯ. ಇಷ್ಟಾದರೆ ವರ್ಷದ ಸೌದೆಯ ಬಹುಭಾಗ ಉಳಿಯಿತು. ಗ್ಯಾಸಿನ ಗೀಸರು ಇಟ್ಟವರಿಗೆ ಒಂದು ಎಚ್ಚರಿಕೆ: ಕಿಟಕಿಯಿಲ್ಲದ ಬಚ್ಚಲಲ್ಲಿ ಅದನ್ನು ಉರಿಸಬೇಡಿ. ಗಾಳಿ ಸಾಲದೆ ವಿಷವಾಯು ಹುಟ್ಟಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಪ್ರಸಂಗಗಳು ನಡೆದಿವೆ.

ಇನ್ನೊಂದು ಎಚ್ಚರಿಕೆ. ಹಂಡೆಗೆ ಬೆಂಕಿ ಹಿಡಿಸಲು ಹಾಲಿನ ತೊಟ್ಟೆ, ಗೊಬ್ಬರದ ಪ್ಲಾಸ್ಟಿಕ್ ಚೀಲ, ಹಳೆಯ ಚಪ್ಪಲಿ ತುರುಕುವ ಅಭ್ಯಾಸ ಮನೆ ಮನೆಗೆ ಬಂದಿದೆ. ಬೆಂಕಿ ಬೇಗ ಹಿಡಿಯುತ್ತದೆ, ಜತೆಗೆ ವಿಷವೂ ಏಳುತ್ತದೆ. ಅದರ ಬೂದಿ ತೋಟಕ್ಕೂ ಆಗದು. ಎರಡು ಒಣ ಗರಿ, ಒಂದು ಗೆರಟೆ ಸಾಕು ಬೆಂಕಿ ಹಿಡಿಸಲು.

ಸೌದೆ ಒಣಗಿಸುವ ಮಾತು ಸಣ್ಣದೆಂದು ತಿಳಿಯಬೇಡಿ. ಆಗ ತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಆ ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಶಕ್ತಿ ಖರ್ಚಾಗುತ್ತದೆ. ಉಳಿದದ್ದು ಕಣ್ಣೀರು ತರಿಸುವ ಹೊಗೆ. ಒಣ ಸೌದೆಯ ಒಂದು ಕಿಲೋ ಕೊಡುವ ಶಾಖಕ್ಕೆ ಹಸಿ ಸೌದೆ ಎರಡು ಕಿಲೋ ಬೇಕು. ಆದ್ದರಿಂದ ಚಳಿಗಾಲದಲ್ಲೇ ಕಡಿದು ಸೀಳಿ, ನೆಲಕ್ಕೆ ತಾಗದಂತೆ ಎರಡು ಅಡ್ಡಮರದ ಮೇಲೆ ಗಾಳಿಯಾಡುವಂತೆ ಪೇರಿಸಿ. ಪತ್ತನಾಜೆ ಬರುವ ಮೊದಲು ಕೊಟ್ಟಿಗೆ ತುಂಬಿರಬೇಕು. ಹಿರಿಯರು ಹೀಗೆ ಮಾಡುತ್ತಿದ್ದರು. ಅದು ಬರಿಯ ಶಿಸ್ತಲ್ಲ, ಸೌದೆಯ ಅರ್ಧ ಉಳಿತಾಯ.

ತೋಟದಲ್ಲಿ ಬಿದ್ದದ್ದೆಲ್ಲ ಸೌದೆಯಲ್ಲ ಎಂಬುದನ್ನೂ ನೆನಪಿಡಿ. ಗಟ್ಟಿಯಾದ ಮಡಲಿನ ದಂಡು, ಕೊತ್ತಳಿಗೆ, ಗೆರಟೆ ಉರಿಯಲಿ. ಅಡಿಕೆಯ ಸೋಗೆ, ಹಾಳೆ, ಸಿಪ್ಪೆಯನ್ನು ಸುಟ್ಟರೆ ಅದರಲ್ಲಿದ್ದ ಸಾರಜನಕ ಹೊಗೆಯೊಡನೆ ಹೋಯಿತೆಂದೇ ಲೆಕ್ಕ; ಆಮೇಲೆ ಅದನ್ನೇ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ. ವಿಟ್ಲದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರದವರು ಅಡಿಕೆ ತೋಟದ ಕಸವನ್ನು ಸಣ್ಣಗೆ ಕತ್ತರಿಸಿ ಎರೆಗೊಬ್ಬರ ಮಾಡುವ ಕ್ರಮವನ್ನು ತೋರಿಸಿಕೊಟ್ಟಿದ್ದಾರೆ. ಒಲೆಯ ಬೂದಿಯನ್ನು ಬುಡಕ್ಕೆ ಹಾಕಿ. ಅದರಲ್ಲಿ ಪೊಟ್ಯಾಷ್ ಉಂಟು, ನಮ್ಮ ಹುಳಿ ಮಣ್ಣಿಗೂ ಅದು ಹಿತ. ಆದರೆ ಹಸಿ ಸೆಗಣಿಯ ಜತೆ ಬೂದಿ ಬೆರೆಸಬೇಡಿ, ಸೆಗಣಿಯ ಸಾರ ಹಾರಿ ಹೋಗುತ್ತದೆ.

ಹಟ್ಟಿಯಲ್ಲಿ ದನ ಇರುವವರಿಗೆ ಗೋಬರ್ ಗ್ಯಾಸಿಗಿಂತ ಒಳ್ಳೆಯ ಉರುವಲು ಬೇರೆ ಇಲ್ಲ. 25 ಕಿಲೋ ಸೆಗಣಿಯಿಂದ ಸುಮಾರು ಒಂದು ಘನ ಮೀಟರ್ ಅನಿಲ ಬರುತ್ತದೆ. ಎರಡು ಮೂರು ದನ ಕಟ್ಟಿ ಸಾಕಿದರೆ ಅಷ್ಟು ಸೆಗಣಿ ಸಿಕ್ಕೀತು. ದಿನಕ್ಕೆ ಒಂದು ಘನ ಮೀಟರ್ ಎಂದರೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಸಿಲಿಂಡರು ಗ್ಯಾಸು. ಹೊಗೆಯಿಲ್ಲ, ಮಸಿಯಿಲ್ಲ, ಹೊರಬಂದ ಸ್ಲರಿ ತೋಟಕ್ಕೆ ಸೆಗಣಿಗಿಂತ ಬೇಗ ಹಿಡಿಯುವ ಗೊಬ್ಬರ. 1984ರ ಸುಮಾರಿಗೆ ಬಂದ ದೀನಬಂಧು ಮಾದರಿಯಲ್ಲಿ ಕಬ್ಬಿಣದ ಡ್ರಮ್ಮಿಲ್ಲ, ತುಕ್ಕು ಹಿಡಿಯುವ ಭಯವಿಲ್ಲ. ರಬ್ಬರು ಶೀಟು ಮಾಡುವವರು ಶೀಟಿನಿಂದ ಹರಿಯುವ ನೀರನ್ನೂ ಇದಕ್ಕೆ ಬಿಡಬಹುದು. ತೋಡಿಗೆ ಬಿಟ್ಟು ನಾತ ಮಾಡುವುದು ತಪ್ಪುತ್ತದೆ. ಒಂದೇ ಮಾತು: ಈ ಅನಿಲವನ್ನು ಉರಿಸದೆ ಗಾಳಿಗೆ ಬಿಡಬಾರದು. ಅದರಲ್ಲಿರುವ ಮೀಥೇನ್ ತೂಕಕ್ಕೆ ತೂಕ ಹಿಡಿದರೆ ಇಂಗಾಲಾಮ್ಲದ 28 ಪಟ್ಟು ಶಾಖ ಹಿಡಿಯುತ್ತದೆ. ಸೋರುವ ಪೈಪು ಇದ್ದರೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿ, ಇವತ್ತೇ ಸರಿಪಡಿಸಿ.

ಇನ್ನು ಉಳಿದದ್ದು ಪಂಪು. 5 ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು ನಾಲ್ಕೂವರೆ ಯೂನಿಟ್ ಎಳೆಯುತ್ತದೆ. ದಿನಕ್ಕೆ 4 ಗಂಟೆಯಂತೆ ವರ್ಷದಲ್ಲಿ 150 ದಿನ ಓಡಿದರೆ 2700 ಯೂನಿಟ್, ಸುಮಾರು 1900 ಕಿಲೋ ಇಂಗಾಲಾಮ್ಲ. ನಾವು ಆಗ ಬರೆದ ಹಳ್ಳಿಮನೆಯ ಒಂದು ಟನ್ನಿಗೆ ಇದನ್ನು ಕೂಡಿಸಿದರೆ ಮೂರು ಟನ್. ಪೇಟೆಯ ಮನೆ ಹಿಂದೆ ಬಿತ್ತು! ಆದರೆ ನ್ಯಾಯ ನೋಡಿ: ಪಂಪಿನ ನೀರು ಮನೆಯವರು ಕುಡಿದದ್ದಲ್ಲ, ಅಡಿಕೆ ಕುಡಿದದ್ದು. ಆ ಅಡಿಕೆ ಬೇರೆ ರಾಜ್ಯಗಳಿಗೆ ಹೋಗುತ್ತದೆ. ಹಾಗಾಗಿ ಇದನ್ನು ಬೆಳೆಯ ಲೆಕ್ಕಕ್ಕೆ ಬರೆಯುವುದೇ ಸರಿ. ಬೆಳೆಯ ಲೆಕ್ಕದಲ್ಲಿ ನಮಗೊಂದು ಜಮೆಯೂ ಉಂಟು. ಮಲೆನಾಡಿನ ಕೆಂಪಡಿಕೆ ಬೇಯಿಸಲು ಸೌದೆ ಬೇಕು. ನಮ್ಮ ಚಾಲಿ ಅಡಿಕೆ ಅಂಗಳದ ಬಿಸಿಲಿನಲ್ಲೇ ಒಣಗುತ್ತದೆ. ಅಷ್ಟು ಶಾಖವನ್ನು ದುಡ್ಡು ಕೊಟ್ಟು ತರಬೇಕಾಗಿದ್ದರೆ ಗೊತ್ತಾಗುತ್ತಿತ್ತು.

ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಉಚಿತ. ಮನೆಯ ಕರೆಂಟಿಗೂ 2023ರ ಜುಲೈಯಿಂದ ಗೃಹಜ್ಯೋತಿ ಬಂದಿದೆ. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, 200 ಯೂನಿಟ್ಟಿನೊಳಗೆ, ಬಿಲ್ಲು ಸೊನ್ನೆ. ಬಡವರಿಗೆ ಇದರಿಂದ ಉಪಕಾರವಾಗಿದೆ, ಸುಳ್ಳಲ್ಲ. ಆದರೆ ಬಿಲ್ಲು ಸೊನ್ನೆಯಾದರೂ ಮೀಟರು ಸೊನ್ನೆಯಲ್ಲ. ದುಡ್ಡು ಕೊಡದ ಕಾರಣ ಪಂಪು ರಾತ್ರಿಯಿಡೀ ಓಡಿದರೆ ಬಾವಿ ಬತ್ತುತ್ತದೆ, ಬೋರ್ವೆಲ್ಲು ಇನ್ನೂ ಕೆಳಗೆ ಹೋಗುತ್ತದೆ. ಆ ಖರ್ಚು ಉಚಿತವಲ್ಲ.

ಪಂಪಿನಲ್ಲಿ ಉಳಿಸುವ ದಾರಿ ನಾಲ್ಕು. ಒಂದು: ಹೊಸ ಪೈಪು ಹಾಕುವಾಗ ಎರಡು ಇಂಚಿನ ಬದಲು ಎರಡೂವರೆ ಇಂಚಿನದು ಹಾಕಿ; ಅಷ್ಟೇ ನೀರು ಹರಿಯುವಾಗ ಪೈಪಿನೊಳಗಿನ ತಿಕ್ಕಾಟದ ನಷ್ಟ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಎರಡು: ಫುಟ್‌ವಾಲ್ವಿನ ಕಸ ತೆಗೆಯಿರಿ, ಬೇಡದ ಕಡೆ ಬೆಂಡು ಹಾಕಬೇಡಿ. ಮೂರು: ಬುಡಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಬಿಡುವ ಬದಲು ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆಂದು ಸಂಶೋಧನಾ ಕೇಂದ್ರದ ಶಿಫಾರಸು, ನೀರು ಅರ್ಧಕ್ಕೂ ಕಡಿಮೆಯಾದರೆ ಪಂಪಿನ ಗಂಟೆಯೂ ಇಳಿಯುತ್ತದೆ. ನಾಲ್ಕು: ಮಳೆ ನಿಂತ ಕೂಡಲೇ ನೆರೆಕರೆಯವರು ಸೇರಿ ತೋಡಿಗೆ ಕಟ್ಟ ಕಟ್ಟಿ. ಬಾವಿಯ ನೀರು ಮೇಲೆ ನಿಂತಷ್ಟು ಪಂಪಿಗೆ ಎತ್ತುವ ಭಾರ ಕಡಿಮೆ. ಸುರಂಗದ ನೀರು, ಗುಡ್ಡೆಯಿಂದ ಪೈಪಿನಲ್ಲಿ ತಾನಾಗಿ ಇಳಿಯುವ ನೀರು ಇರುವವರು ಅದನ್ನು ಕೈಬಿಡಬೇಡಿ. ಘಟ್ಟದ ಬುಡದಲ್ಲಿ ವರ್ಷದ ಹೆಚ್ಚು ತಿಂಗಳು ಹರಿಯುವ ತೊರೆ ಇದ್ದರೆ, ಅದರ ಬೀಳಿನಿಂದ ಒಂದು ಕಿಲೋವಾಟಿನಷ್ಟು ಕರೆಂಟು ಮಾಡುವ ಸಣ್ಣ ಯಂತ್ರಗಳೂ ಉಂಟು. ಮಾಡಿನ ಮೇಲಿನ ಸೋಲಾರು ಮಲಗುವ ಮಳೆಗಾಲದಲ್ಲೇ ಅದು ಚೆನ್ನಾಗಿ ತಿರುಗುವುದು. ಸೋಲಾರು ಹಾಕಿಸುವವರಿಗೆ 2024ರ ಫೆಬ್ರವರಿಯಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿನವರೆಗೆ ಕಿಲೋವಾಟಿಗೆ 30,000 ರೂಪಾಯಿ, ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಒಂದು ಕಿಲೋವಾಟಿನ ಹಲಗೆ ವರ್ಷಕ್ಕೆ ಸುಮಾರು 1200ರಿಂದ 1400 ಯೂನಿಟ್ ಕೊಟ್ಟೀತು. ಮಾಡಿನ ಮೇಲೆ ಮರದ ನೆರಳು ಬೀಳದ ಜಾಗ ಮೊದಲು ನೋಡಿಕೊಳ್ಳಿ. ತೋಟದ ನಡುವಿನ ಮನೆಗೆ ಇದೇ ದೊಡ್ಡ ತೊಡಕು.

ಕೊನೆಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಅಡಿಕೆ ತೂಗುವ ತಕ್ಕಡಿ ನಿಮ್ಮಲ್ಲಿ ಉಂಟು. ಒಂದು ವಾರ, ಬೆಳಿಗ್ಗೆ ಒಲೆಗೂ ಹಂಡೆಗೂ ಬೇಕಾದ ಸೌದೆಯನ್ನು ತೂಗಿ ಇಡಿ, ರಾತ್ರಿ ಉಳಿದದ್ದನ್ನು ತೂಗಿ ಕಳೆಯಿರಿ. ಮನೆಯ ಮೀಟರಿನ ಅಂಕಿ ಆದಿತ್ಯವಾರದಿಂದ ಆದಿತ್ಯವಾರಕ್ಕೆ ಬರೆದಿಡಿ. ಪಂಪು ಹಾಕಿದ ಹೊತ್ತು, ನಿಲ್ಲಿಸಿದ ಹೊತ್ತು ಗುರುತು ಮಾಡಿ. ಗ್ಯಾಸು ಬಂದ ತಾರೀಖನ್ನು ಸಿಲಿಂಡರಿನ ಮೇಲೇ ಸೀಮೆಸುಣ್ಣದಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ. ಹಳೆಯ ನೋಟುಬುಕ್ಕಿನ ನಾಲ್ಕು ಪುಟ ಸಾಕು. ಅದನ್ನು 52ರಿಂದ ಗುಣಿಸಿದರೆ ವರ್ಷದ ಅಂದಾಜು ಬರುತ್ತದೆ. ಮುಂದಿನ ಬೇಸಗೆಯಲ್ಲಿ ಮತ್ತೆ ಒಂದು ವಾರ ತೂಗಿ ನೋಡಿ.

ಆ ನಾಲ್ಕು ಪುಟ ಬರೆದಾದ ಮೇಲೆ ಮನೆಯವರೆಲ್ಲ ರಾತ್ರಿ ಊಟಕ್ಕೆ ಕೂತಾಗ ಓದಿ. ಯಾವುದನ್ನು ಮೊದಲು ಸರಿಪಡಿಸಬೇಕು ಎಂದು ಅಡುಗೆ ಮಾಡುವವರನ್ನೇ ಮೊದಲು ಕೇಳಿ. ಪಂಪಿನ ಪೈಪು, ಮಾಡಿನ ಹಲಗೆ ಎಂದು ಗಂಡಸರು ಹೇಳುವುದಕ್ಕೆ ಮುಂಚೆ, ಬಹುಶಃ ಅವರು ಹೇಳುವುದು ಒಂದು ಚಿಮಣಿಯ ಮಾತು. ಅದನ್ನು ಮಳೆ ಶುರುವಾಗುವ ಮೊದಲು ಮಾಡಿಸಿಕೊಡಿ.